ಹನ್ನೆರಡು ಪದಗಳ ಪಾರುಪತ್ಯ

"ಯಾರೇ ಬರಲಿ! ಕಾಲಿಗೆ ಬಿದ್ದು ಕೇಳಲಿ, ಕುತ್ತಿಗೆಗೆ ಚಾಕು ಹಿಡಿದು ಕೇಳಲಿ! ನನ್ನ ಬಾಯಿಂದ ಒಂದೇ ಒಂದು ಪದ ಹೊರಗೆ ಬಿದ್ರೆ ನನ್ನ ಹೆಸರು ಬದಲಾಯಿಸು!"

ಗ್ರಂಥಪಾಲಕರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ಅವರ ಹೆಂಡತಿ. ಇನ್ನೊಬ್ಬ, ಈ ಪ್ರತಿಜ್ಞೆಗೆ ಮೂಲಕಾರಣನಾದ ಹೆಂಡತಿಯ ತಮ್ಮ.

ಆ ಅಡುಗೆಮನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿಯ ಕಪಾಟಿನ ಬಾಗಿಲು ನಿಂತಿರುವುದು ತಿರುಗಣಿಯ ಮೇಲಲ್ಲ, ಒಂದು ದಾರದ ಮೇಲೆ. ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದಿಲ್ಲ, ನಿಲ್ಲಿಸಿದರೆ ತೊಟ್ಟಿಕ್ಕುತ್ತದೆ. ಕಟ್ಟೆಯ ಕಲ್ಲು ಒಂದು ಕಡೆ ಎಷ್ಟು ವಾಲಿದೆಯೆಂದರೆ, ಟೊಮೆಟೊ ಇಟ್ಟು ಆಚೆ ತಿರುಗಿದರೆ ಅದು ತಾನಾಗಿ ಉರುಳಿ ಬಚ್ಚಲಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಮನೆಯಾಕೆ ಟೊಮೆಟೊಗಳ ಹಿಂದೆ ಓಡುತ್ತಲೇ ಇದ್ದಾರೆ. "ಮುಂದಿನ ವರ್ಷ ಮಾಡಿಸೋಣ" ಎಂದು ಗ್ರಂಥಪಾಲಕರು ಹನ್ನೊಂದು ಸಲ ಹೇಳಿದ್ದಾರೆ.

ದಾರಿ ತೋರಿಸಿದ್ದು ಭಾಮೈದ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಬಂಧುಬಳಗವೆಲ್ಲ ಗೋಡೆ ಗಡಿಯಾರ, ಹಾಸಿಗೆ ಹೊದಿಕೆ ಕೊಟ್ಟರೆ ಈ ಮಹಾಶಯ ಅಕ್ಕಭಾವನಿಗೆ ಒಂದಿಷ್ಟು ಕ್ರಿಪ್ಟೋ ನಾಣ್ಯ ಕೊಟ್ಟಿದ್ದ. ಗೋಡೆಗೆ ತೂಗುಹಾಕಲು ಬಾರದ, ಹೊದ್ದು ಮಲಗಲು ಬಾರದ, ಕೈಯಲ್ಲಿ ಮುಟ್ಟಲೂ ಸಿಗದ ಈ ಉಡುಗೊರೆಯನ್ನು ಕಂಡು ಗ್ರಂಥಪಾಲಕರಿಗೆ ಆಗ ಉರಿದುಹೋಗಿತ್ತು. ಆದರೆ ನಾಲ್ಕು ವರ್ಷ ಯಾರೂ ತಿರುಗಿ ನೋಡದೆ ಬಿದ್ದಿದ್ದ ಆ ನಾಣ್ಯಗಳು ಸದ್ದಿಲ್ಲದೆ ಬೆಳೆದು, ಈಗ ಒಂದು ಪೂರಾ ಅಡುಗೆಮನೆಯಷ್ಟಾಗಿದ್ದವು! ಬಡಗಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ಇನ್ನು ಮೂರು ತಿಂಗಳಿಗೆ ಕೆಲಸ ಶುರು.

"ನೋಡಿ ಭಾವ, ಇದಕ್ಕೆ ವಾಲೆಟ್ ಅಂತಾರೆ," ಎಂದು ಭಾಮೈದ, ಅದುವರೆಗೆ ತನ್ನ ಬಳಿಯೇ ಇದ್ದ ಪದಗಳ ಕಾಗದವನ್ನು ಭಾವನ ಕೈಗಿಟ್ಟು, ಪ್ರತಿಜ್ಞೆಯ ದಿನ ಪಾಠ ಮಾಡಿದ್ದ. "ಇದರ ಬೀಗದ ಕೈ ಅಂದ್ರೆ ಈ ಹನ್ನೆರಡು ಪದ. ಆಮೆ, ಛತ್ರಿ, ನಿಂಬೆಹಣ್ಣು ಅಂತ ಏನೇನೋ ಇರುತ್ತೆ, ಅರ್ಥ ಹುಡುಕ್ಬೇಡಿ. ಈ ಪದಗಳು ವರಸೆ ಪ್ರಕಾರ ಯಾರ ಕೈಗೆ ಸಿಗುತ್ತೋ ದುಡ್ಡು ಅವರದ್ದು. ಹೋದ್ರೆ ಹೋಯ್ತು! ದೂರು ಕೊಡೋಕೆ ಮ್ಯಾನೇಜರೂ ಇಲ್ಲ, ಕೌಂಟರೂ ಇಲ್ಲ. ಫೋಟೋ ತೆಗೀಬೇಡಿ, ಫೋನಲ್ಲಿ ಬರ್ಕೋಬೇಡಿ. ಪದ ಇರಲಿ, ವಾಲೆಟ್ ಇದೆ ಅನ್ನೋದನ್ನೇ ಯಾರಿಗೂ ಹೇಳ್ಬೇಡಿ. ಮೋಸಗಾರರು ಅದನ್ನೇ ಕಾಯ್ತಿರ್ತಾರೆ."

"ಇದನ್ನೆಲ್ಲ ನಿಮ್ಮಕ್ಕನಿಗೆ ಹೇಳಪ್ಪ. ಬಾಯಿ ಇರೋದು ಅವಳಿಗೆ," ಎಂದರು ಗ್ರಂಥಪಾಲಕರು.

"ನನಗೆ ಬಾಯಿ ಇದ್ರೆ ನಿಮಗೇನು ಮುಚ್ಚಳ ಇದೆಯಾ?" ಎಂದರು ಹೆಂಡತಿ. ಅದಕ್ಕೆ ಉತ್ತರವಾಗಿಯೇ ಮೇಲಿನ ಪ್ರತಿಜ್ಞೆ.

ಗ್ರಂಥಪಾಲಕರಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಬೇರೆಯವರು ಸಿಟ್ಟು ಬಂದರೆ ಕೂಗಾಡುತ್ತಾರೆ, ಪಾತ್ರೆ ಎಸೆಯುತ್ತಾರೆ. ಇವರು ಸುತ್ತೋಲೆ ಹೊರಡಿಸುತ್ತಾರೆ. ಗ್ರಂಥಾಲಯದಲ್ಲಿ ಇದುವರೆಗೆ ಇಪ್ಪತ್ತಾರು ಸುತ್ತೋಲೆ ಹೊರಟಿವೆ. ಅಂದು ಮನೆಯಲ್ಲೂ ಒಂದು ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಮೇಲೆ ದುಂಡಗಿನ ಅಕ್ಷರದಲ್ಲಿ ಅಂಟಿಕೊಂಡಿತ್ತು: "ಅಪರಿಚಿತರ ದೂರವಾಣಿ ಕರೆಗಳಿಗೆ ಈ ಮನೆಯ ಸದಸ್ಯರು ಉತ್ತರಿಸತಕ್ಕದ್ದಲ್ಲ. ಉತ್ತರಿಸಿದಲ್ಲಿ ಸಂಭಾಷಣೆ ಬೆಳೆಸತಕ್ಕದ್ದಲ್ಲ." ಕೆಳಗೆ ಸಹಿ, ದಿನಾಂಕ. ಮನೆಯ ಸದಸ್ಯರು ಎಂದರೆ ಅವರನ್ನು ಬಿಟ್ಟರೆ ಹೆಂಡತಿ ಒಬ್ಬರೇ.

ಇನ್ನು ಹನ್ನೆರಡು ಪದಗಳನ್ನು ಎಲ್ಲಿಡುವುದು? ಮನೆಯಲ್ಲಂತೂ ಸಾಧ್ಯವೇ ಇಲ್ಲ. ಹೆಂಡತಿ ವಾರಕ್ಕೊಮ್ಮೆ ಕಾಗದವೆಲ್ಲ ಗುಡಿಸಿ ರದ್ದಿಗೆ ಹಾಕುತ್ತಾರೆ. ನಾದಿನಿ ಬಂದರೆ ಡ್ರಾಯರು ತೆಗೆಯದೆ ಕೂರುವವಳಲ್ಲ. ನಲ್ಲಿ ರಿಪೇರಿಯವನು ನಲ್ಲಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡುತ್ತಾನೆ. ಎರಡು ದಿನ ಯೋಚಿಸಿದ ಮೇಲೆ ಗ್ರಂಥಪಾಲಕರಿಗೆ ಹೊಳೆಯಿತು: ಗ್ರಂಥಾಲಯ! ಅಲ್ಲಿ ಇಪ್ಪತ್ತೆರಡು ಸಾವಿರ ಪುಸ್ತಕಗಳಿವೆ. ಅವುಗಳಲ್ಲಿ ತಾಂತ್ರಿಕ ವಿಭಾಗದ ಕಟ್ಟಕಡೆಯ ಕಪಾಟಿನಲ್ಲಿರುವ ಪುಸ್ತಕಗಳನ್ನು ಹುಟ್ಟಿದಾರಭ್ಯ ಯಾರೂ ಮುಟ್ಟಿಲ್ಲ. 'ಚರಂಡಿ ಇಳಿಜಾರಿನ ಲೆಕ್ಕಾಚಾರಗಳು', 'ತುಕ್ಕು: ಒಂದು ಸಮಗ್ರ ಅಧ್ಯಯನ, ಭಾಗ ಮೂರು', 'ಅಂಟಿನ ಇತಿಹಾಸ'... ಇಂಥವನ್ನು ಯಾರೂ ಓದುವುದಿಲ್ಲವಲ್ಲ ಎಂದು ಗ್ರಂಥಪಾಲಕರು ವರ್ಷಗಟ್ಟಲೆ ಜನರ ಮೇಲೆ ಸಿಡಿಮಿಡಿಗುಟ್ಟಿದ್ದರು. ಈಗ ಅದೇ ಜನರ ಮೇಲೆ ಅವರಿಗೆ ಎಂದಿಲ್ಲದ ಪ್ರೀತಿ ಉಕ್ಕಿತು. ಓದುಗರಿಂದ ನೂರಕ್ಕೆ ನೂರು ಸುರಕ್ಷಿತ!

ಹನ್ನೆರಡು ಪುಸ್ತಕ ಆರಿಸಿದರು. ಪ್ರತಿಯೊಂದರ ಕೊನೆಯ ಪುಟದಲ್ಲಿ ವಾಪಸಿನ ದಿನಾಂಕ ಒತ್ತಲು ಅಂಟಿಸಿದ ಚೀಟಿ ಇರುತ್ತದಲ್ಲ, ಅದರ ಕೆಳತುದಿಯಲ್ಲಿ ಒಂದೊಂದು ಪದ ಬರೆದರು. ವರಸೆ ಮರೆಯಬಾರದೆಂದು ಪಕ್ಕದಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿಯನ್ನೂ ಹಾಕಿದರು. ಬರೆದದ್ದು ಪೆನ್ಸಿಲಿನಲ್ಲಿ. ಪುಸ್ತಕಕ್ಕೆ ಪೆನ್ನು ತಾಗಿಸುವುದೆಂದರೆ ಗ್ರಂಥಪಾಲಕನಾದವನಿಗೆ ಕೊಲೆ ಮಾಡಿದ ಹಾಗೆ! ಕೆಲಸ ಮುಗಿಸಿ, ಕಾಗದದ ಮೂಲಪ್ರತಿಯನ್ನು ಚೂರುಚೂರು ಮಾಡಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದರು. ಎಲ್ಲಿಟ್ಟೆನೆಂದು ಹೆಂಡತಿಗೂ ಹೇಳಲಿಲ್ಲ.

ಎರಡು ತಿಂಗಳು ಸುಖವಾಗಿ ಕಳೆದವು. ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ತರಕಾರಿ ಹೆಚ್ಚುತ್ತಾ, "ರೀ, ನಿಮಗೊಂದು ವಿಷಯ ಹೇಳ್ಬೇಕಿತ್ತು," ಎಂದು ಶುರುಮಾಡುವುದಕ್ಕೂ ಗ್ರಂಥಪಾಲಕರ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಪರಿಚಿತ ಸಂಖ್ಯೆ. ಫ್ರಿಜ್ಜಿನ ಬಾಗಿಲಿನತ್ತ ಬೆನ್ನು ಮಾಡಿ ನಿಂತು ಗ್ರಂಥಪಾಲಕರು ಫೋನೆತ್ತಿದರು.

"ನಮಸ್ಕಾರ ಸರ್, ವಾಲೆಟ್ ಸುರಕ್ಷತಾ ವಿಭಾಗದಿಂದ ಮಾತಾಡ್ತಿದೀನಿ. ನಿಮ್ಮ ವಾಲೆಟ್‌ಗೆ ಯಾರೋ ಕೈಹಾಕೋಕೆ ನೋಡ್ತಿದಾರೆ. ಪರಿಶೀಲನೆಗೆ ನಿಮ್ಮ ಹನ್ನೆರಡು ಪದ ಒಂದ್ಸಲ ಹೇಳಿಬಿಟ್ರೆ..."

ಬಂದನಲ್ಲ! ಎರಡು ತಿಂಗಳಿಂದ ಕಾಯುತ್ತಿದ್ದ ಶತ್ರು ಕೊನೆಗೂ ಬಂದನಲ್ಲ! ಗ್ರಂಥಪಾಲಕರ ರಕ್ತ ಕುದಿಯಿತು, ಮೀಸೆ ಕುಣಿಯಿತು.

"ಏನಯ್ಯಾ! ನಾಚಿಕೆ ಆಗಲ್ವಾ ನಿಂಗೆ? ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ಆ ಪದಗಳನ್ನ ಯಾರಿಗೂ ಹೇಳಬಾರದು ಅನ್ನೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಅಯ್ಯೋ, ತಪ್ಪಾಯ್ತು ಸರ್," ಎಂದಿತು ಆ ಕಡೆಯ ದನಿ, ಬೆಣ್ಣೆಯಂತೆ. "ದಿನಕ್ಕೆ ಇನ್ನೂರು ಜನಕ್ಕೆ ಫೋನ್ ಮಾಡ್ತೀನಿ. ನಿಮ್ಮಷ್ಟು ತಿಳಿದವರು ಒಬ್ಬರೂ ಸಿಕ್ಕಿಲ್ಲ ಸರ್."

ಇಲ್ಲಿಗೆ ಫೋನ್ ಇಟ್ಟಿದ್ದರೆ ಈ ಬರಹವೂ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷದ ಸೇವೆಯಲ್ಲಿ ಗ್ರಂಥಪಾಲಕರಿಗೆ ಇಂಥ ಮಾತು ಹೇಳಿದವರು ಯಾರೂ ಇರಲಿಲ್ಲ.

"ತಿಳ್ಕೋಬೇಕು ಕಣಯ್ಯಾ," ಎಂದರು, ದನಿ ಅರ್ಧ ಇಳಿಸಿ.

"ಬೇರೆಯವರೆಲ್ಲ ಡೈರಿಯಲ್ಲಿ ಬರೆದಿಡ್ತಾರೆ ಸರ್."

"ಡೈರಿ! ಮೂರ್ಖರು!"

"ಕೆಲವರು ದಿಂಬಿನ ಚೀಲದಲ್ಲಿ..."

"ಶತಮೂರ್ಖರು! ಎಲ್ಲಾ ಒಂದೇ ಕಡೆ ಇಡೋದೇ ತಪ್ಪು. ಹನ್ನೆರಡು ಪದ ಅಂದ್ರೆ ಹನ್ನೆರಡು ಜಾಗ!"

"ಅಬ್ಬಬ್ಬಾ! ಏನು ತಲೆ ಸರ್ ನಿಮ್ಮದು! ಆದ್ರೆ ಮನೇಲಿ ಹನ್ನೆರಡು ಜಾಗ ಎಲ್ಲಿಂದ ತರೋದು?"

"ಮನೇಲಿ ಯಾರಯ್ಯಾ ಇಡ್ತಾರೆ? ದಿನಾ ನನ್ನ ಕಣ್ಮುಂದೆ ಇಪ್ಪತ್ತೆರಡು ಸಾವಿರ ಪುಸ್ತಕ ಇದಾವೆ. ಅದರಲ್ಲಿ ಯಾರೂ ಮುಟ್ಟದೇ ಇರೋ..."

ಫೋನು ಇದ್ದಕ್ಕಿದ್ದಂತೆ ಅವರ ಕೈಯಿಂದ ಮಾಯವಾಯಿತು. ಹೆಂಡತಿ ಅದನ್ನು ಕಿತ್ತುಕೊಂಡು, ಕರೆ ಕತ್ತರಿಸಿ, ಕಟ್ಟೆಯ ಮೇಲಿಟ್ಟರು. ಅದು ನಿಧಾನವಾಗಿ ಜಾರತೊಡಗಿತು.

"ನೋಡಿದ್ಯಾ? ಒಂದು ಪದಾನೂ ಬಿಡಲಿಲ್ಲ!" ಎಂದರು ಗ್ರಂಥಪಾಲಕರು ಗೆಲುವಿನಿಂದ.

"ಪದ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಬಿಟ್ರಲ್ಲ!" ಎಂದರು ಹೆಂಡತಿ. "ವಾಲೆಟ್ ಇದೆ ಅಂತ ಹೇಳಿದ್ರಿ. ಪುಸ್ತಕದಲ್ಲಿ ಇದೆ ಅಂತ ಹೇಳಿದ್ರಿ. ಇಪ್ಪತ್ತೆರಡು ಸಾವಿರ ಪುಸ್ತಕ ಮನೆ ಹಿತ್ತಿಲಲ್ಲಿ ಇರುತ್ತಾ? ಇನ್ನು ಗ್ರಂಥಾಲಯದ ಬಾಗಿಲು ಎಷ್ಟು ಗಂಟೆಗೆ ತೆಗೀತಾರೆ ಅಂತ ಹೇಳೋದು ಬಾಕಿ ಇತ್ತು."

ಗ್ರಂಥಪಾಲಕರು ಜಾರುತ್ತಿದ್ದ ಫೋನನ್ನು ಹಿಡಿದುಕೊಂಡರು. ಹೇಳಬೇಕೆಂದಿದ್ದ ವಿಷಯವನ್ನು ಹೆಂಡತಿ ಮತ್ತೆ ಎತ್ತಲಿಲ್ಲ. ಗಂಡನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಏನೋ ನಿರ್ಧಾರ ಮಾಡಿದವರಂತೆ ತರಕಾರಿಗೆ ವಾಪಸಾದರು.

ಸೋಮವಾರ ಗ್ರಂಥಾಲಯ ತೆರೆದಾಗ ಗ್ರಂಥಪಾಲಕರ ಕುರ್ಚಿ ತನ್ನ ಜಾಗದಲ್ಲಿರಲಿಲ್ಲ. ಅದು ತಾಂತ್ರಿಕ ವಿಭಾಗದ ಕಟ್ಟಕಡೆಯ ಕಪಾಟಿನೆದುರು, ಕುರ್ಚಿಯ ಮೇಲೆ ಗ್ರಂಥಪಾಲಕರು, ಮುಖದೆದುರು ಪತ್ರಿಕೆ. ಒಳಬಂದವರೆಲ್ಲ ಅವರ ಕಣ್ಣಿಗೆ ಕಳ್ಳರೇ. ಶಾಲೆಯ ಮೇಷ್ಟರು ಕೆಮ್ಮಿದರು: ಸಂಕೇತ! ಔಷಧಿ ಅಂಗಡಿಯವನು ಶೌಚಾಲಯ ಎಲ್ಲಿ ಎಂದು ಕೇಳಿದ: ಬೇಹುಗಾರಿಕೆ!

ಹನ್ನೊಂದೂವರೆಗೆ ಒಬ್ಬ ತೆಳ್ಳಗಿನ ಮುದುಕರು ಬಟ್ಟೆಚೀಲ ಹಿಡಿದು ಬಂದರು. ಕಾದಂಬರಿಗಳತ್ತ ನೋಡಲಿಲ್ಲ. ಪತ್ರಿಕೆಗಳತ್ತ ನೋಡಲಿಲ್ಲ. ನೆಟ್ಟಗೆ ಕೊನೆಯ ಕಪಾಟಿಗೆ ಬಂದು, ಪುಸ್ತಕಗಳ ಬೆನ್ನಿನ ಮೇಲೆ ಬೆರಳಾಡಿಸಿ, ಐದನೇ ಪದವಿದ್ದ 'ಚರಂಡಿ ಇಳಿಜಾರಿನ ಲೆಕ್ಕಾಚಾರಗಳು' ಪುಸ್ತಕವನ್ನು ಎಳೆದೇಬಿಟ್ಟರು!

"ಕೆಳಗಿಡಿ ಅದನ್ನ!" ಗ್ರಂಥಪಾಲಕರು ಗರ್ಜಿಸಿದರು. ಮೂವತ್ತು ವರ್ಷದಿಂದ 'ನಿಶ್ಶಬ್ದ' ಎಂಬ ಫಲಕದ ಕೆಳಗೆ ಕೂತವರ ಮೊದಲ ಗರ್ಜನೆ ಅದು.

"ಯಾಕ್ರೀ? ನಾನು ಸದಸ್ಯ. ಚೀಟಿ ಇದೆ."

"ಚೀಟಿ ಯಾರು ಬೇಕಾದ್ರೂ ಮಾಡಿಸ್ತಾರೆ! ಯಾರು ಕಳಿಸಿದ್ದು ನಿಮ್ಮನ್ನ?"

"ಮೊಮ್ಮಗಳು," ಎಂದರು ಮುದುಕರು.

"ಮೊಮ್ಮಗಳಂತೆ! ಕಥೆ ಕಟ್ಟಬೇಡಿ!" ಗ್ರಂಥಪಾಲಕರು ಪುಸ್ತಕದ ಒಂದು ತುದಿ ಹಿಡಿದು ಎಳೆದರು, ಮುದುಕರು ಇನ್ನೊಂದು ತುದಿ ಬಿಡಲಿಲ್ಲ. ಓದುಗರೆಲ್ಲ ಎದ್ದುನಿಂತರು. "ಈ ಪುಸ್ತಕ ಯಾವನಿಗ್ರೀ ಬೇಕು? ತಲೆ ನೆಟ್ಟಗಿರೋರು ಯಾರಾದ್ರೂ ಇದನ್ನ ಮನೆಗೆ ಒಯ್ತಾರಾ? ಓದೋಕೆ ಆಗೋ ಪುಸ್ತಕಾನಾ ಇದು? ಹದಿನೆಂಟು ವರ್ಷದಿಂದ ಒಂದು ನೊಣ ಕೂಡ ಇದರ ಮೇಲೆ ಕೂತಿಲ್ಲ!"

ಮುದುಕರ ಹಿಡಿತ ಸಡಿಲವಾಯಿತು. ಮುಖ ಬಾಡಿತು.

"ನಾನು ಬರೆದದ್ದು ಸ್ವಾಮಿ ಅದು," ಎಂದರು ಮೆತ್ತಗೆ. "ನನ್ನ ಹತ್ರ ಇದ್ದ ಪ್ರತೀನ ಗೆದ್ದಲು ತಿಂತು. ತಾತ ಬರೆದ ಪುಸ್ತಕ ತೋರಿಸು ಅಂತ ಮೊಮ್ಮಗಳು ಹಟ ಹಿಡಿದಳು. ಅದಕ್ಕೆ ಬಂದೆ."

ಹಿಂಬದಿಯ ರಕ್ಷಾಪುಟದಲ್ಲಿ ಒಬ್ಬ ಯುವಕನ ಭಾವಚಿತ್ರವಿತ್ತು. ಕೂದಲು ಹೋಗಿದ್ದರೂ ಕಿವಿಗಳು ಅವೇ. ಚರಂಡಿ ವಿಭಾಗದ ನಿವೃತ್ತ ಎಂಜಿನಿಯರರು! ಗ್ರಂಥಪಾಲಕರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಆದರೆ ಎಂಜಿನಿಯರರು ಸುತ್ತ ನಿಂತ ಜನರನ್ನು ನೋಡಿ, ಕಣ್ಣೊರೆಸಿಕೊಂಡು, "ಪರವಾಗಿಲ್ಲ ಬಿಡಿ. ಈ ಪುಸ್ತಕಕ್ಕೆ ಇಬ್ಬರು ಹೊಡೆದಾಡಿದ್ರು ಅಂತ ಮನೇಲಿ ಹೇಳ್ಕೋತೀನಿ," ಎಂದರು.

ಪ್ರಾಯಶ್ಚಿತ್ತಕ್ಕೆಂದು ಗ್ರಂಥಪಾಲಕರು ತಾವೇ ಠಸ್ಸೆ ಒತ್ತಿಕೊಡಲು ಪುಸ್ತಕದ ಕೊನೆಯ ಪುಟ ತೆರೆದರು. ಪದವನ್ನು ಬೆರಳಿನಿಂದ ಮುಚ್ಚಿಕೊಂಡು ಒತ್ತಿಬಿಡುವುದೆಂದು ಲೆಕ್ಕ. ಮುಚ್ಚಲು ಅಲ್ಲಿ ಏನೂ ಇರಲಿಲ್ಲ.

ಚೀಟಿ ಖಾಲಿ! ರಬ್ಬರಿನಿಂದ ಉಜ್ಜಿದ ಮಸುಕು ಕಲೆಯೊಂದೇ ಉಳಿದಿತ್ತು. ಎಂಜಿನಿಯರರನ್ನು ಹೇಗೋ ಸಾಗಹಾಕಿ ಗ್ರಂಥಪಾಲಕರು ಕಪಾಟಿಗೆ ಓಡಿದರು. ತುಕ್ಕು: ಖಾಲಿ. ಅಂಟು: ಖಾಲಿ. ಒಂದಾದ ಮೇಲೊಂದು ಹನ್ನೊಂದನ್ನೂ ಎಳೆದು ನೆಲಕ್ಕೆ ಹಾಕಿ ನೋಡಿದರು. ಎಲ್ಲವೂ ಖಾಲಿ!

"ಕಳ್ಳತನ! ಹಾಡುಹಗಲೇ ಕಳ್ಳತನ!"

ಸದ್ದು ಕೇಳಿ ಸಹಾಯಕಿ ಬಂದರು. ಗ್ರಂಥಾಲಯದ ಅಷ್ಟೂ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಅವರನ್ನು ಎಲ್ಲರೂ ಕಾಯಿದೆ ಮೇಡಂ ಎಂದೇ ಕರೆಯುತ್ತಿದ್ದರು.

"ಏನಾಯ್ತು ಸರ್?"

"ಇದರಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಇತ್ತು! ಯಾವ ಪಾಪಿ ಅಳಿಸಿದ?"

"ನಾನೇ ಸರ್."

"ನೀವಾ!"

"ಸುತ್ತೋಲೆ ಹದಿನಾಲ್ಕು ಸರ್." ಕಾಯಿದೆ ಮೇಡಂ ಕಡತ ತಂದು ಓದಿಯೇಬಿಟ್ಟರು. "ಗ್ರಂಥಾಲಯದ ಪುಸ್ತಕಗಳಲ್ಲಿ ಪೆನ್ಸಿಲಿನಿಂದ ಗೀಚುವ ನೀಚ ಪ್ರವೃತ್ತಿಯನ್ನು ಬುಡಸಮೇತ ಕಿತ್ತೊಗೆಯುವ ಸಲುವಾಗಿ, ಸಿಬ್ಬಂದಿಯು ಪ್ರತಿ ತಿಂಗಳು ಒಂದು ವಿಭಾಗವನ್ನು ಪುಟಪುಟವಾಗಿ ಪರಿಶೀಲಿಸಿ, ಕಂಡ ಗೀಚನ್ನು ಅಳಿಸತಕ್ಕದ್ದು..."

"ನೀಚ ಅಂತ ಯಾರ್ರೀ ಬರೆದದ್ದು?"

"ನೀವೇ ಸರ್. ನಾನು ಅನುಚಿತ ಅಂತ ಹಾಕಿದ್ದೆ. ಸಾಲಲ್ಲ, ಅವನ ಮೈ ಉರೀಬೇಕು ಅಂದ್ರಿ."

ಅಳಿಸಿದರೆ ಅಳಿಸಲಿ, ಅಳಿಸಿಹೋದದ್ದನ್ನು ಕಳ್ಳನೂ ಓದಲಾರನಲ್ಲ ಎಂದು ಗ್ರಂಥಪಾಲಕರಿಗೆ ಒಂದು ಕ್ಷಣ ಸಮಾಧಾನವೂ ಆಯಿತು. ಆದರೆ ಕಾಯಿದೆ ಮೇಡಂ ಓದು ನಿಲ್ಲಿಸಿರಲಿಲ್ಲ.

"...ಅಳಿಸುವ ಮುನ್ನ ಅದರ ಜೆರಾಕ್ಸ್ ತೆಗೆದು, ಕೈಬರಹವನ್ನು ಸಾರ್ವಜನಿಕರು ಗುರುತಿಸಿ ಅಪರಾಧಿಯನ್ನು ಹಿಡಿದುಕೊಡಲು ಅನುವಾಗುವಂತೆ, ಮುಂಬಾಗಿಲಿನ ಸೂಚನಾ ಫಲಕದಲ್ಲಿ ಪ್ರದರ್ಶಿಸತಕ್ಕದ್ದು."

"ಪ್ರದರ್ಶಿಸಿದೀರಾ?" ಎಂದರು ಗ್ರಂಥಪಾಲಕರು.

"ಮೂರು ವಾರ ಆಯ್ತು ಸರ್. ನಿಮ್ಮ ಸಹಿ ಇದೆಯಲ್ಲ."

ಕಾಯಿದೆ ಮೇಡಂ ಇಟ್ಟ ಕಾಗದವೆಂದರೆ ಗ್ರಂಥಪಾಲಕರು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ಇನ್ನು ಮುಂಬಾಗಿಲನ್ನು ಅವರು ನೋಡಿ ಎಷ್ಟೋ ಕಾಲವಾಗಿತ್ತು. ಸೈಕಲ್ ನಿಲ್ಲಿಸುವ ಜಾಗ ಹಿಂಬಾಗಿಲ ಪಕ್ಕದಲ್ಲಿತ್ತು. ಈಗ ಓಡಿದರು. ಫಲಕದ ತುಂಬ ಹನ್ನೆರಡು ಜೆರಾಕ್ಸ್ ಹಾಳೆಗಳು. ಒಂದರಿಂದ ಹನ್ನೆರಡು, ಒಂದೂ ವರಸೆ ತಪ್ಪದೆ! ಮೇಲೆ ಕೆಂಪು ಶಾಯಿಯಲ್ಲಿ: "ಈ ಕೈಬರಹದ ಕಿಡಿಗೇಡಿಯನ್ನು ಬಲ್ಲಿರಾ?"

"ಚಿಕ್ಕದಾಗಿ ಇತ್ತು ಸರ್, ದೂರದಿಂದ ಕಾಣಲ್ಲ ಅಂತ ದೊಡ್ಡದು ಮಾಡಿಸಿದೆ," ಎಂದರು ಹಿಂದೆಯೇ ಬಂದ ಕಾಯಿದೆ ಮೇಡಂ.

"ಯಾರಾದ್ರೂ... ಬರ್ಕೊಂಡು ಹೋದ್ರಾ?"

"ಕವಿಗಳ ಬಳಗದವರು ಬರ್ಕೊಂಡ್ರು ಸರ್. ಹೊಸ ಥರದ ಕವಿತೆ, ಯಾರು ಬರೆದದ್ದು ಅಂತ ಕೇಳಿದ್ರು. ಇನ್ನು ಫೋಟೋ ತೆಗೆದವರನ್ನ ನಾನು ಎಣಿಸಿಲ್ಲ."

ಗ್ರಂಥಪಾಲಕರು ಫೋನ್ ತೆಗೆದು ವಾಲೆಟ್ ತೆರೆದರು. ಸೊನ್ನೆ. ಮುಚ್ಚಿ ತೆರೆದರು. ಸೊನ್ನೆ. ಕನ್ನಡಕ ಒರೆಸಿಕೊಂಡು ನೋಡಿದರು. ಸೊನ್ನೆ ಇನ್ನಷ್ಟು ಸ್ಪಷ್ಟವಾಗಿ ಕಂಡಿತು.

ಅರ್ಧ ದಿನ ರಜೆ ಬರೆದುಕೊಟ್ಟು, ಸೈಕಲ್ ತಳ್ಳಿಕೊಂಡೇ ಮನೆಗೆ ನಡೆದರು. ದಾರಿಯುದ್ದಕ್ಕೂ ಬೈದರು. ಮೋಸಗಾರರನ್ನು ಬೈದರು, ಕವಿಗಳನ್ನು ಬೈದರು, ಜೆರಾಕ್ಸ್ ಕಂಡುಹಿಡಿದವನನ್ನು ಬೈದರು. ಮನೆಯ ತಿರುವು ಬರುವಷ್ಟರಲ್ಲಿ ಬೈಯಲು ತಮ್ಮನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿ ಬಡಗಿ ಕೊಟ್ಟ ಬಣ್ಣದ ತುಣುಕುಗಳನ್ನು ಗೋಡೆಗೆ ಹಿಡಿದು ನೋಡುತ್ತಿದ್ದರು. "ಬೇಗ ಬಂದ್ರಾ? ಹೇಳಿ, ಕಪಾಟಿಗೆ ಈ ಹಸಿರು ಚೆನ್ನಾಗಿರುತ್ತಾ, ಈ ಬಿಳಿ ಚೆನ್ನಾಗಿರುತ್ತಾ?"

ಹನ್ನೊಂದು ವರ್ಷ ಕಾದವಳು! ಗ್ರಂಥಪಾಲಕರು ಮಣೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದರು. ಪುಸ್ತಕ, ಪೆನ್ಸಿಲ್, ಸುತ್ತೋಲೆ, ಫಲಕ, ಸೊನ್ನೆ, ಒಂದನ್ನೂ ಮುಚ್ಚಿಡಲಿಲ್ಲ. "ನಿನ್ನ ಅಡುಗೆಮನೆ ಹೋಯ್ತು ಕಣೆ. ನಿನ್ನ ಬಾಯಿ ಸರಿಯಿಲ್ಲ ಅಂತಿದ್ದೆ. ನನ್ನಿಂದಾನೇ ಹೋಯ್ತು," ಎಂದರು.

ಹೆಂಡತಿ ಹಸಿರು ತುಣುಕನ್ನು ಗೋಡೆಯಿಂದ ತೆಗೆದರು.

"ಏನೂ ಹೋಗಿಲ್ಲ, ಏಳಿ ಮೇಲೆ," ಎಂದರು. "ಹೋದ ಬುಧವಾರ ಪತ್ರಿಕೆ ವಾಪಸ್ ಕೊಡೋಕೆ ಗ್ರಂಥಾಲಯಕ್ಕೆ ಹೋಗಿದ್ದೆ. ಮುಂಬಾಗಿಲಲ್ಲೇ ನಿಮ್ಮ ಕೈಬರಹ ನೇತಾಡ್ತಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ನಿಮ್ಮ ಸಾಮಾನು ಚೀಟಿ ಓದಿದವಳಿಗೆ ಗೊತ್ತಾಗಲ್ವಾ? ಸಾಲದ್ದಕ್ಕೆ ಪಕ್ಕದಲ್ಲಿ ನಂಬರ್ ಬೇರೆ. ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸಂಜೆಯೊಳಗೆ ಹೊಸ ವಾಲೆಟ್ ಮಾಡಿ ಎಲ್ಲಾ ಅದಕ್ಕೆ ಸಾಗಿಸಿದ್ವಿ."

ಗ್ರಂಥಪಾಲಕರಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಸಿಟ್ಟೂ ಬಂತು.

"ಮತ್ತೆ ನನಗ್ಯಾಕೆ ಹೇಳಲಿಲ್ಲ? ಮನೆ ಯಜಮಾನ ಅನ್ನೋ ಲೆಕ್ಕ ಇಲ್ವಾ?"

"ಭಾನುವಾರ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಫೋನ್ ಬಂತು. ನೀವು ಮಾತಾಡಿದ್ದು ಕೇಳಿದ ಮೇಲೆ ಹೇಳದೇ ಇರೋದೇ ವಾಸಿ ಅನ್ನಿಸ್ತು."

"ಈಗ ಹೇಳು. ಹೊಸ ಹನ್ನೆರಡು ಪದ ಎಲ್ಲಿವೆ?"

"ಇವೆ."

"ಇವೆ ಅಂದ್ರೆ?"

"ಇವೆ ಅಂದ್ರೆ ಇವೆ. ಹಸಿರೇ ಇರಲಿ ಅಲ್ವಾ?"

ಗ್ರಂಥಪಾಲಕರು ಗದರಿದರು, ಮುನಿದರು, ಸುತ್ತೋಲೆ ಹೊರಡಿಸುವುದಾಗಿ ಹೆದರಿಸಿದರು, ಕೊನೆಗೆ ಗೋಗರೆದರು. ಹೆಂಡತಿ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅದೇ ಬೆಣ್ಣೆಯ ದನಿ.

"ಸರ್, ಆವತ್ತು ಲೈನ್ ಕಟ್ಟಾಗೋಯ್ತು. ಪುಸ್ತಕದ ವಿಷಯ ಹೇಳ್ತಿದ್ರಿ. ಆ ಹನ್ನೆರಡು ಪದ..."

ಗ್ರಂಥಪಾಲಕರು ಎದ್ದುನಿಂತರು. ಉಸಿರೆಳೆದುಕೊಂಡರು. ಬಾಯಿ ತೆರೆದರು. ಮುಚ್ಚಿಡಲು ತಮ್ಮ ಬಳಿ ಏನೂ ಇಲ್ಲವೆಂಬುದು ಆಗ ನೆನಪಾಯಿತು.

"ನನಗೆ ಗೊತ್ತಿಲ್ಲ," ಎಂದರು.

"ತಮಾಷೆ ಮಾಡ್ಬೇಡಿ ಸರ್."

"ನಿಜವಾಗ್ಲೂ ಗೊತ್ತಿಲ್ಲ ಕಣಯ್ಯಾ! ಎಲ್ಲಾ ನನ್ನ ಹೆಂಡತಿ ಹತ್ರ ಇದೆ."

"ನಿಮಗೂ ಹೇಳಿಲ್ವಾ?"

"ಇಲ್ಲ."

"ಕೇಳಿ ನೋಡಿದ್ರಾ?"

"ಕೇಳಿದೆ. ಕೈಮುಗಿದೂ ಕೇಳಿದೆ. ಹೇಳಲ್ವಂತೆ."

ಆ ಕಡೆಯಿಂದ ಒಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು.

"ಬೇಜಾರು ಮಾಡ್ಕೋಬೇಡಿ ಸರ್. ನಮ್ಮನೇಲೂ ಇದೇ ಕಥೆ," ಎಂದು ಹೇಳಿ ಕಳ್ಳ ತಾನಾಗಿಯೇ ಫೋನ್ ಇಟ್ಟುಬಿಟ್ಟ.